ಇಪ್ಪತ್ತೈದು ವೋಲ್ಟು

ಫೆಬ್ರವರಿ. ಚೆಸೆನಾಟಿಕೊದ ಮರಳಲ್ಲಿ
ಕೊಡೆಗಳಿಲ್ಲ, ಕೊಡೆ ನೆಟ್ಟ ಕುಳಿಗಳಷ್ಟೇ.
ಆಟದಂಗಡಿಯ ಷಟರ್ ಅರ್ಧಕ್ಕೆಳೆದು
ಮಿರೆಲ್ಲಾ ಮೇಜಿನ ಮೇಲೆ ಮಲಗಿಸಿದ್ದಾಳೆ
ಎಂಬತ್ತೆರಡನೇ ಇಸವಿಯ ಹಸಿರು ಹಲಗೆ.
ಏಡಿಯ ಆಟ.
ಏಡಿಗೆ ಎಡಗಣ್ಣು
ಒಮ್ಮೆ ಇದೆ, ಒಮ್ಮೆ ಇಲ್ಲ.

ಪಕ್ಕದಲ್ಲಿ ಮೂರು ಯಂತ್ರ,
ಚಿಪ್ಪಿನೊಳಗೆ ಬರೆಯುವಂಥವು,
ಶನಿವಾರದವರೆಗೆ ಕಡ ತಂದವು.
ಒಂದನ್ನು ಕೊಳ್ಳಬೇಕು. ದುಡ್ಡಿರುವುದು ಒಂದಕ್ಕೇ,
ಅದೂ ಪೂರ್ತಿ ಇಲ್ಲ.

ಮೊದಲನೆಯದು ಹೊಸತು, ಸಾಬೂನಿನಷ್ಟು.
ಹದಿನೈದು ಸಾವಿರ ಚಿಪ್ಪುಗಳ ಹೆಸರು ಬಾಯಿಪಾಠ.
ಕೂರಿಸಿದ್ದೇ ತಡ, ಗಡಗಡ ಓದಿ ಒಪ್ಪಿಸಿತು.
ಬರೆ ಅಂದರೆ
ಹದಿನೆಂಟು ವೋಲ್ಟಿಗೇ ಏದುಸಿರು.
ಈ ಮುದಿ ಚಿಪ್ಪು ಕೇಳುವುದು ಇಪ್ಪತ್ತೈದು.
ಓದು ಬಂದವರಿಗೆಲ್ಲ ಬರಹ ಬರುವುದಿಲ್ಲ;
ಮೂವತ್ತು ವರ್ಷ ವಕೀಲರ ಉಕ್ತಲೇಖನ
ಬೆರಳಚ್ಚು ಮಾಡಿದವಳಿಗೆ ಹೇಳಬೇಕೆ?

ಎರಡನೆಯದು ಮೋದೆನಾದಲ್ಲಿ ಮುಚ್ಚಿದ ಕಾರ್ಖಾನೆಯದು.
ಅಲ್ಯೂಮಿನಿಯಂ ಮೈ, ಸಾಲಾಗಿ ಎಂಟು ಬಾಯಿ,
ಒಂದೇ ಉಸಿರಿಗೆ ಎಂಟು ಚಿಪ್ಪು ಬರೆದೀತು.
ಬೆಲೆ, ಒಂದು ಹಳೇ ಸ್ಕೂಟರಿನದು.
ಒಂದು ಕಣ್ಣು ಹೊಲಿಯಲು ಎಂಟು ಸೂಜಿ ಯಾಕೆ?

ಮೂರನೆಯದು ಇವಾನೋನದು.
ಬೂದು ಬಣ್ಣ, ಇಸ್ತ್ರಿಪೆಟ್ಟಿಗೆಯ ತೂಕ,
ಚಿಪ್ಪು ಹಿಡಿಯುವ ಸನ್ನೆಗೋಲು ಸಡಿಲ.
ಅದರ ಮಾತು ತಿಳಿಯುವುದು ಒಂದೇ ಲ್ಯಾಪ್‌ಟಾಪಿಗೆ,
ಅದರ ಕೀಲಿಗೆ ರಬ್ಬರ್ ಬ್ಯಾಂಡ್ ಬಿಗಿದಿದೆ.
"ಕೊಂಡರೆ ಎರಡನ್ನೂ ಕೊಳ್ಳು. ಮುದುಕ ಮುದುಕಿ,
ಬೇರೆ ಮಾಡಬೇಡ" ಅಂದಿದ್ದ.

ಹೊಸತು ಓದಿ ಒಪ್ಪಿಸಿದ್ದನ್ನು
ಸಾಲು ಸಾಲಾಗಿ ಇಳಿಸುತ್ತ ಹೋದಳು:
ಏಡಿಯ ಕೊಂಡಿ, ಏಡಿಯ ಕಾಲು, ಅಲೆ, ಅಲೆ,
ಆಮೇಲೆ ಯಾರೂ ಏನೂ ಬರೆಯದ ಬಯಲು,
ಬಯಲಿನ ತುದಿಗೆ, ತೆರೆಯ ಮೇಲೆಂದೂ ಬಾರದ ಜಾಗದಲ್ಲಿ,
ಒಂದು ಸಾಲು:

ಗಾಸ್ಪರೆ. ರಾತ್ರಿ ಎರಡು. ಹಸಿವು.

ಕದ್ದ ಆಟ, ಹಾಗಾದರೆ. ಯಾವುದೋ ಗ್ಯಾರೇಜಿನಲ್ಲಿ
ನಕಲು ಮಾಡುತ್ತ ಕೂತವನ ರುಜು.
ಕಳ್ಳನಿಗೂ ಹೊಟ್ಟೆ ಇರುತ್ತದೆ.

ಚಿಪ್ಪಿನ ಹಣೆಗೊಂದು ಗಾಜಿನ ಕಿಟಕಿ.
ಹಣೆಬರಹ ಅಳಿಸಲಾಗದು ಅನ್ನುತ್ತಾರಲ್ಲ,
ಇದರದು ನೇರಳೆ ದೀಪದಡಿ ಇಪ್ಪತ್ತು ನಿಮಿಷ.
ಅಳಿಸಿದರೆ ಎಲ್ಲವೂ ಒಂದು, ಒಂದು, ಒಂದು.
ಬರೆಯುವುದೆಂದರೆ ಬೇಕಾದಲ್ಲಿ ಸೊನ್ನೆ ಕೊರೆಯುವುದು.
ನಲವತ್ತು ವರ್ಷದಲ್ಲಿ ಒಂದು ಸೊನ್ನೆ
ಹನಿಹನಿ ಸೋರಿ ಒಂದಾಗಲು ಹೊರಟಿದೆ,
ಪೂರ್ತಿ ಆಗಿಲ್ಲ: ಅದಕ್ಕೇ ಕಣ್ಣು ಒಮ್ಮೆ ಇದೆ, ಒಮ್ಮೆ ಇಲ್ಲ.

ಅಳಿಸಬೇಕಾಗಿಲ್ಲ, ಹಾಗಾದರೆ.
ಇದ್ದ ಅಕ್ಷರದ ಮೇಲೇ ತಿದ್ದಿದರೆ ಸಾಕು,
ಮಕ್ಕಳು ಸ್ಲೇಟಿನ ಮೇಲೆ ತಿದ್ದುವ ಹಾಗೆ,
ಕೈ ಮಾತ್ರ ಗಟ್ಟಿ ಇರಬೇಕು.

ಬೂದು ಪೆಟ್ಟಿಗೆ ಗೊರಗೊರ ಅಂದಿತು.
ಸುಟ್ಟ ದೂಳಿನ ವಾಸನೆ. ಸಡಿಲ ಸನ್ನೆಗೋಲನ್ನು
ಮಿರೆಲ್ಲಾ ಹೆಬ್ಬೆರಳಲ್ಲಿ ಒತ್ತಿ ಹಿಡಿದೇ ಕೂತಳು,
ನಾಲ್ಕು ನಿಮಿಷ, ಮೂಗು ತುರಿಸಿದರೂ.
ಇಪ್ಪತ್ತೈದು ವೋಲ್ಟು ಸಣ್ಣದಲ್ಲ,
ದೊಡ್ಡದೂ ಅಲ್ಲ; ಒಂದು ಸೊನ್ನೆಗೆ ಸಾಕು.

ಕಿಟಕಿಗೆ ಕಪ್ಪು ಪಟ್ಟಿ ಅಂಟಿಸಿದಳು, ತಾರೀಖು ಬರೆದಳು.
ಏಡಿ ಎರಡೂ ಕಣ್ಣು ಬಿಟ್ಟು ಅಡ್ಡಡ್ಡ ಓಡಿತು.

ಇವಾನೋನಿಗೆ ಫೋನು: ಎರಡನ್ನೂ ಇಟ್ಟುಕೊಳ್ಳುತ್ತೇನೆ,
ಮುದುಕನನ್ನೂ ಮುದುಕಿಯನ್ನೂ, ಎರಡು ಕಂತು.
ಅಂದಹಾಗೆ, ಗಾಸ್ಪರೆ ಅಂತ ಯಾರಾದರೂ ಗೊತ್ತೇ?

"ಗಾಸ್ಪರೆಯೇ!" ಆ ಕಡೆಯಿಂದ ಕೆಮ್ಮು.
"ಇದೇ ಯಂತ್ರ ಬಾಡಿಗೆಗೆ ಒಯ್ಯುತ್ತಿದ್ದ.
ನಲವತ್ತು ಸಾವಿರ ಲಿರಾ ಬಾಕಿ.
ಎಲ್ಲಿದ್ದಾನೆ?"

ತೆರೆಯ ಮೇಲೆ ಏಡಿ
ಅಲೆಯ ಅಂಚಿಗೆ ಬಂದು ನಿಂತಿತ್ತು, ನಾಣ್ಯ ಕಾಯುತ್ತ.
ಇಲ್ಲೇ ಇದ್ದಾನೆ, ಅಂದಳು ಮಿರೆಲ್ಲಾ.
ಇನ್ನೂ ಊಟ ಮಾಡಿಲ್ಲವಂತೆ.